ನಿಲ್ಲಿಸಲು ಬಾರದ ಬ್ಯಾಂಡು

ನಮ್ಮ ಬ್ಯಾಂಡಿಗೆ ಹಾಡು ಶುರು ಮಾಡುವುದು ಚೆನ್ನಾಗಿ ಬರುತ್ತಿತ್ತು. ನಿಲ್ಲಿಸುವುದು ಬರುತ್ತಿರಲಿಲ್ಲ.

'ನಮ್ಮ ಬ್ಯಾಂಡು' ಅಂದ ಕೂಡಲೇ ನಾನೇನೋ ಗಿಟಾರ್ ಹಿಡಿದವನು ಅಂದುಕೊಳ್ಳಬೇಡಿ. ನಾನು ಅದರ ಹಿಂದೆ ಸುತ್ತಿದವನು, ಅಷ್ಟೇ. ಬಾರಿಸುವವರು ನಾಲ್ಕು ಜನ, ಹಿಂದೆ ಸುತ್ತುವವರು ನಾವು ಮೂರು ಜನ. ಕೇಳುವವರಿಗಿಂತ ಬಾರಿಸುವವರೇ ಜಾಸ್ತಿ ಇದ್ದ ಬ್ಯಾಂಡು ಅದು. ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಹೆಸರು ಇಟ್ಟುಕೊಳ್ಳುತ್ತಿದ್ದರು. ಹಿಂದಿನ ಸಲ ಕೇಳಿದವರಿಗೆ ಗುರುತು ಸಿಗಬಾರದಲ್ಲ! ಆ ಹುಡುಗರೆಲ್ಲ ಈಗ ಮರ್ಯಾದಸ್ಥರು. ಒಬ್ಬರು ಸಂಘ, ಸಮಾರಂಭ ಅಂತ ಭಾಷಣ ಮಾಡಿಕೊಂಡು ಓಡಾಡುತ್ತಾರೆ. ಅದನ್ನೂ ನಿಲ್ಲಿಸುವುದಿಲ್ಲ ಅಂತ ಕೇಳಿದ್ದೇನೆ.

ಇದಕ್ಕೆಲ್ಲ ಮೂಲ ಕಾರಣ ಬ್ರೆಜಿಲ್. ನಗಬೇಡಿ. 1994ರಲ್ಲಿ ಅಲ್ಲಿನ ಕಾಫಿ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಕರಟಿಹೋದವು. ಅಲ್ಲಿ ಗಿಡ ಕರಟಿದ್ದೇ ತಡ, ಇಲ್ಲಿ ಕಾಫಿ ರೇಟು ಜಿಗಿಯಿತು. ಕೊಡಗಿನಲ್ಲಿ ಎಲ್ಲಿ ನೋಡಿದರೂ ಹೊಸ ಜೀಪು, ಹೊಸ ಟೀವಿ, ಮನೆಗೆ ಹೊಸ ಬಣ್ಣ. ಒಂದು ಮನೆಯಲ್ಲಿ ಮಾತ್ರ ಮಗ ಹಟ ಹಿಡಿದು ಎಲೆಕ್ಟ್ರಿಕ್ ಗಿಟಾರ್ ತೆಗೆಸಿಕೊಂಡ.

ಆ ಮಗನೇ ನಮ್ಮ ಗಿಟಾರಣ್ಣ. ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋಗಿ, ಮೂರು ವರ್ಷ ಇದ್ದು, ಎರಡನೇ ಸೆಮಿಸ್ಟರ್ ತನಕ ಓದಿ ವಾಪಸ್ ಬಂದಿದ್ದ. ಬರುವಾಗ ಹೆಗಲ ತನಕ ಕೂದಲು ಬಿಟ್ಟಿದ್ದ. ಜೊತೆಗೆ ಒಂದು ಬೂಟಿನ ಡಬ್ಬದ ತುಂಬ ಕ್ಯಾಸೆಟ್ಟು ತಂದಿದ್ದ.

"ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅಂತ ಒಂದು ಬ್ಯಾಂಡ್ ಉಂಟು" ಅಂತ ಶುರು ಮಾಡಿದ. ಮಡಿಕೇರಿಯ ಒಂದು ಬೇಕರಿಯ ಹಿಂದಿನ ಮೇಜು. ಹೊರಗೆ ಜುಲೈ ಮಳೆ. "1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಒಂದೇ ಹಾಡನ್ನ ಅರ್ಧ ಗಂಟೆ ಬಾರಿಸ್ತಾರೆ. ನಿನ್ನೆ ಬಾರಿಸಿದ ಹಾಗೆ ಇವತ್ತು ಬಾರಿಸೋದಿಲ್ಲ. ಜನ ವ್ಯಾನು ಹತ್ತಿಕೊಂಡು ಅವರ ಹಿಂದೆ ಊರಿಂದ ಊರಿಗೆ ಹೋಗ್ತಾರೆ. ಹಾಗೆ ಹೋಗೋರಿಗೆ ಡೆಡ್‌ಹೆಡ್ ಅಂತ ಹೆಸರು."

ಕೇಳುವವರು ಟೇಪ್ ಮಾಡಿಕೊಂಡರೂ ಆ ಬ್ಯಾಂಡಿನವರು ಬೇಡ ಅನ್ನುತ್ತಿರಲಿಲ್ಲವಂತೆ. 1984ರಿಂದ ಟೇಪ್ ಮಾಡುವವರು ನಿಲ್ಲುವುದಕ್ಕೆ ಬೇರೆ ಜಾಗವನ್ನೇ ಬಿಟ್ಟುಕೊಟ್ಟಿದ್ದರು. ಆ ಟೇಪುಗಳು ಕೈಯಿಂದ ಕೈಗೆ, ಕಾಪಿಯಿಂದ ಕಾಪಿಗೆ ಇಳಿಯುತ್ತಾ ದೇಶ ಸುತ್ತುತ್ತಿದ್ದವು. ಗಿಟಾರಣ್ಣನ ಡಬ್ಬಕ್ಕೆ ಬಂದದ್ದು ಎಷ್ಟನೇ ಕಾಪಿಯೋ, ಹಾಡಿಗಿಂತ 'ಉಸ್ಸ್' ಅನ್ನುವ ಸದ್ದೇ ಜಾಸ್ತಿ ಇತ್ತು. ಮಳೆಗಾಲದಲ್ಲಿ ಹಾಕಿದರೆ ಹೊರಗಿನ ಮಳೆ ಯಾವುದು, ಕ್ಯಾಸೆಟ್ಟಿನ ಮಳೆ ಯಾವುದು ಗೊತ್ತಾಗುತ್ತಿರಲಿಲ್ಲ.

ಆ ಬ್ಯಾಂಡಿನ ಗಿಟಾರಿನವ ಜೆರ್ರಿ ಗಾರ್ಸಿಯಾ 1995ರ ಆಗಸ್ಟಿನಲ್ಲೇ ತೀರಿಕೊಂಡಿದ್ದ. ಅದೇ ವರ್ಷ ಬ್ಯಾಂಡೂ ಮುಚ್ಚಿತ್ತು. ನಮಗೆ ಗೊತ್ತಾಗಿದ್ದು 1998ರಲ್ಲಿ. ಕೊಡಗಿಗೆ ರೈಲಿಲ್ಲ ನೋಡಿ, ಸುದ್ದಿಯೂ ಬಸ್ಸು ಹಿಡಿದೇ ಬರಬೇಕು. ಮೂರು ವರ್ಷ ತಡವಾಗಿ ಬೇಕರಿಯಲ್ಲಿ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದೆವು. ಕೌಂಟರಿನಲ್ಲಿದ್ದ ಗಿರಾಕಿಗಳೂ ಯಾರೋ ದೊಡ್ಡವರು ಹೋದರೇನೋ ಅಂತ ಬನ್ನು ಹಿಡಿದುಕೊಂಡೇ ಎದ್ದು ನಿಂತರು.

ಹಿಂದೆ ಸುತ್ತುವವರು ಮೂವರು ಅಂದೆನಲ್ಲ. ಒಬ್ಬ ಬೇಕರಿಯವರ ಮಗ. ಅವನು ಬಂದರೆ ಒಂದು ಪೆಟ್ಟಿಗೆ ಎಗ್ ಪಫ್ ಬರುತ್ತಿತ್ತು, ಹಾಗಾಗಿ ಅವನ ಸಂಗೀತಜ್ಞಾನವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇನ್ನೊಬ್ಬ ಜೀಪಿನವ. ತೋಟದ ಜೀಪು ಅವನ ಅಪ್ಪನದು. ಹಗಲು ಗೊಬ್ಬರ ಹೊರುತ್ತಿತ್ತು, ರಾತ್ರಿ ನಮ್ಮನ್ನು. ಗೊಬ್ಬರದ ಮೂಟೆಗಳನ್ನು ಹೇರುವಾಗ ಇನ್ನೂ ಸ್ವಲ್ಪ ಜೋಪಾನ ಮಾಡುತ್ತಿದ್ದ. ಮೂರನೆಯವನು ನಾನು. ಮಡಿಕೇರಿಗೆ ವರ್ಗವಾಗಿ ಬಂದ ಕನ್ನಡ ಪಂಡಿತರ ಮಗ. ನನ್ನ ಕೆಲಸ ಟೇಪ್ ಮಾಡುವುದು.

ಆಗ ಕೊಡಗಿನಲ್ಲಿ ಇದ್ದದ್ದು ಮೂರೇ ತಾಲೂಕು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಮೂರರಲ್ಲೂ ಬಾರಿಸಿ ಬಂದರೆ ಅದಕ್ಕೆ ಗಿಟಾರಣ್ಣ 'ವರ್ಲ್ಡ್ ಟೂರ್' ಅನ್ನುತ್ತಿದ್ದ. ಅತಿ ದೂರದ ಊರು ಗೋಣಿಕೊಪ್ಪ, ಮಡಿಕೇರಿಯಿಂದ ಸುಮಾರು 45 ಕಿಲೋಮೀಟರ್. ಆ ರಸ್ತೆಯ ತಿರುವುಗಳಲ್ಲಿ ಡ್ರಮ್ಮಿನ ಹುಡುಗ ಎರಡು ಸಲವಾದರೂ ವಾಂತಿ ಮಾಡುತ್ತಿದ್ದ. ಆದ್ದರಿಂದ ನಮ್ಮ ಪಾಲಿಗೆ ಅದು ವಿದೇಶವೇ.

ಬ್ಯಾಂಡಿನ ಸಾಮಗ್ರಿ ಹೇಳಿಬಿಡುತ್ತೇನೆ. ಗಿಟಾರು ಒಂದು. ನಾಲ್ಕು ತಂತಿ ಇರಬೇಕಾದ ಜಾಗದಲ್ಲಿ ಮೂರು ಇದ್ದ ಬೇಸ್ ಗಿಟಾರು ಒಂದು. ಒಂದು ಕ್ಯಾಸಿಯೋ ಕೀಬೋರ್ಡು, ಅದರಲ್ಲಿ ಒಂದು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಅರ್ಧ ಡ್ರಮ್ ಸೆಟ್ಟು. ಹಾಡಿಗೆ ಸಾಹಿತ್ಯ ಎರಡೇ ಸಾಲು. ಮಿಕ್ಕಿದ್ದಕ್ಕೆ ಗಿಟಾರಣ್ಣ 'ಪ್ರಯಾಣ' ಅನ್ನುತ್ತಿದ್ದ. ಪ್ರಯಾಣ ಹೊರಡುವುದು ಎಲ್ಲರಿಗೂ ಗೊತ್ತು. ಇಳಿಯುವ ಸ್ಟಾಪು ಯಾವುದು ಅಂತ ಮಾತ್ರ ನಾಲ್ಕು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲ. ಇನ್ನೇನು ಮುಗಿಯಿತು ಅಂತ ಡ್ರಮ್ಮಿನವನು ಕೋಲು ಇಳಿಸುವಷ್ಟರಲ್ಲಿ ಗಿಟಾರಣ್ಣ ಕಣ್ಣು ಮುಚ್ಚಿಕೊಂಡೇ ಬಲಗೈಯ ಒಂದು ಬೆರಳು ಎತ್ತುತ್ತಿದ್ದ. 'ಇನ್ನೊಂದೇ ಸುತ್ತು' ಅಂತ ಅರ್ಥ. ಆ ಬೆರಳು ಒಂದು ಹಾಡಿಗೆ ಹನ್ನೊಂದು ಸಲ ಎದ್ದದ್ದನ್ನು ನಾನೇ ಎಣಿಸಿದ್ದೇನೆ.

ಹೀಗಾಗಿ ನಮ್ಮ ಬ್ಯಾಂಡಿನ ಹಾಡುಗಳು ತಾವಾಗಿ ಮುಗಿದದ್ದೇ ಇಲ್ಲ. ಹೊರಗಿನಿಂದ ಯಾರಾದರೂ ಬಂದು ಮುಗಿಸಬೇಕು. ಜಾಸ್ತಿ ಸಲ ಮುಗಿಸಿದ್ದು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಎರಡು ಮೂರು ದಿನ ಕತ್ತಲೆ. ಊರೆಲ್ಲ ಕರೆಂಟಿನವರನ್ನು ಬೈಯುವಾಗ ನಮ್ಮವರು ಪ್ರಾಕ್ಟೀಸ್ ಮಾಡುತ್ತಿದ್ದ ಗೋಡೌನಿನ ಅಕ್ಕಪಕ್ಕದವರು ಮಾತ್ರ ಸುಮ್ಮನಿರುತ್ತಿದ್ದರು.

ಒಮ್ಮೆ ಒಂದು ಊರಿನ ಗಣೇಶೋತ್ಸವ. ಮಕ್ಕಳ ಛದ್ಮವೇಷಕ್ಕೆ ಮೊದಲು ನಮ್ಮವರಿಗೆ ಹದಿನೈದು ನಿಮಿಷ ಕೊಟ್ಟಿದ್ದರು. ಹದಿನೈದು ನಿಮಿಷ ಕಳೆದಾಗ ಮುಂದಿನ ಸಾಲಿನ ಅಜ್ಜ ಒಬ್ಬರು ನನ್ನ ಕಡೆ ಬಗ್ಗಿ, "ಮಗಾ, ಇವರ ಟ್ಯೂನಿಂಗ್ ಮುಗೀಲಿಲ್ವಾ ಇನ್ನೂ?" ಅಂತ ಕೇಳಿದರು. ನಿಜವಾಗಿ ಕೇಳಿದ್ದು, ಕುಹಕ ಏನಿರಲಿಲ್ಲ. ಅರ್ಧ ಗಂಟೆ ಆಯಿತು. ವೇದಿಕೆಯ ಪಕ್ಕದಲ್ಲಿ ವಿವೇಕಾನಂದರು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದರು. ಗಾಂಧೀಜಿ ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಿದ್ದರು. ಒನಕೆ ಓಬವ್ವನಿಗೆ ಮಾತ್ರ ತಾಳ್ಮೆ ಮುಗಿದುಹೋಯಿತು. ಆರು ವರ್ಷದ ಹುಡುಗಿ. ಕಚ್ಚೆ ಸೀರೆ, ಹಣೆಗೆ ದೊಡ್ಡ ಕುಂಕುಮ, ಕೈಯಲ್ಲಿ ತನಗಿಂತ ಎತ್ತರದ ಒನಕೆ. ಸೀದಾ ವೇದಿಕೆ ಹತ್ತಿ ಬೇಸ್ ಗಿಟಾರಿನವನ ಬೆನ್ನ ಹಿಂದೆ ಒನಕೆ ಎತ್ತಿ ನಿಂತಳು. ಜನ ಒಂದೇ ಸಮ ಚಪ್ಪಾಳೆ. ಅದು ತನಗೇ ಅಂದುಕೊಂಡ ಅವನು ಇನ್ನೂ ಜೋರಾಗಿ ತಲೆ ಕುಣಿಸಿದ. ಆಮೇಲೆ ಯಾಕೋ ಅನುಮಾನ ಬಂದು ತಿರುಗಿ ನೋಡಿದ. ಬೆಚ್ಚಿ ಹಿಂದಕ್ಕೆ ಹಾರಿದ. ವೈರಿಗೆ ಕಾಲು ಸಿಕ್ಕಿ ಪ್ಲಗ್ಗು ಕಿತ್ತುಬಂತು. ಆವತ್ತಿನ ಮೊದಲ ಬಹುಮಾನ ಓಬವ್ವನಿಗೆ. ಸರ್ವಾನುಮತ.

ಮಡಿಕೇರಿ ದಸರಾದಲ್ಲೂ ಒಂದು ಸಲ ಬಾರಿಸಿದ್ದರು. ಯಾರೂ ಕರೆದಿರಲಿಲ್ಲ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವೆ, ಬೆಳಗಿನ ತನಕ ಮೆರವಣಿಗೆ. ನಮ್ಮವರು ಬೇಕರಿಯ ತಾರಸಿ ಹತ್ತಿ, ಕೆಳಗೆ ಮಂಟಪ ಹೋಗುವಾಗ ಬಾರಿಸಿದರು. ಕೆಳಗಿನ ಸೌಂಡಿಗೆ ಪಕ್ಕದಲ್ಲಿ ನಿಂತ ನನಗೇ ಗಿಟಾರು ಕೇಳಿಸಲಿಲ್ಲ. ಒಬ್ಬರಿಂದಲೂ ದೂರು ಬಾರದ ಕಾರ್ಯಕ್ರಮ ಅದೊಂದೇ.

ಈಗ ಆನೆಯ ವಿಷಯ.

ಜೂನ್ ಮೊದಲ ವಾರ. ಸಿದ್ದಾಪುರದ ಹತ್ತಿರ ಒಂದು ಹುಟ್ಟುಹಬ್ಬಕ್ಕೆ ಬಾರಿಸಿ, ಚೆಟ್ಟಳ್ಳಿ ಮೇಲೆ ಮಡಿಕೇರಿಗೆ ವಾಪಸ್ ಬರುತ್ತಿದ್ದೆವು. ರಾತ್ರಿ ಹನ್ನೊಂದು ದಾಟಿತ್ತು. ಮುಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಕೂತಿತ್ತು, ಅದು ನೆನೆಯಬಾರದಲ್ಲ. ನಾವು ಆರು ಜನ ಹಿಂದೆ, ಡ್ರಮ್ಮುಗಳ ಸಂದಿಯಲ್ಲಿ. ಒಂದು ತಿರುವು ದಾಟುತ್ತಿದ್ದ ಹಾಗೆ ಜೀಪಿನವ ಮೆಲ್ಲಗೆ ಬ್ರೇಕ್ ಒತ್ತಿದ. ಹೆಡ್‌ಲೈಟ್ ಆರಿಸಿದ. ಏನೂ ಹೇಳಲಿಲ್ಲ. ಕೊಡಗಿನಲ್ಲಿ ಹಾಗೆ ಲೈಟ್ ಆರಿಸಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಹಲಸಿನ ಕಾಲ. ರಸ್ತೆಯ ಪಕ್ಕದ ತೋಟದಿಂದ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಂಟಿ ಸಲಗ ರಸ್ತೆಗೆ ಅಡ್ಡ ನಿಂತಿತ್ತು. ಆನೆ ಅಂತ ಮೊದಲು ಕಂಡದ್ದಲ್ಲ. ಕತ್ತಲೆಯಲ್ಲಿ ಒಂದು ಕಡೆ ಕತ್ತಲೆ ಜಾಸ್ತಿ ದಪ್ಪ ಇದ್ದ ಹಾಗೆ ಇತ್ತು. ಆಮೇಲೆ ಆ ಕತ್ತಲೆ ಕಿವಿ ಬೀಸಿತು.

ಉಸಿರು ಬಿಗಿಹಿಡಿದು ಕೂತೆವು. ಆಗಲೇ ನನ್ನ ಪ್ಯಾಂಟಿನ ಒಳಗೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಏನೋ ತಣ್ಣಗೆ ಅಳತೆ ಹಾಕುತ್ತಾ ಹೋಗುತ್ತಿರುವುದು ಗೊತ್ತಾಯಿತು. ಜಿಗಣೆ. ಅಲುಗಾಡುವ ಹಾಗಿಲ್ಲ, ಕಿರುಚುವ ಹಾಗಿಲ್ಲ. ಎದುರಿಗೆ ನಾಲ್ಕೈದು ಟನ್, ಒಳಗೆ ಅರ್ಧ ಗ್ರಾಮ್. ಯಾವುದಕ್ಕೆ ಹೆದರಬೇಕು ಅನ್ನುವುದರಲ್ಲಿ ನನಗೆ ಗೊಂದಲವಿರಲಿಲ್ಲ. ಜಿಗಣೆಗೇ ಜಾಸ್ತಿ ಹೆದರಿದೆ. ಆನೆ ಇದ್ದ ಜಾಗ ಗೊತ್ತಿತ್ತು, ಇದು ಎಲ್ಲಿಗೆ ಹೊರಟಿದೆ ಅಂತ ಗೊತ್ತಿರಲಿಲ್ಲ.

ಕೈ ಮೆಲ್ಲಗೆ ಕೆಳಗೆ ತಂದೆ. ಮೊಣಕೈ ಯಾವುದಕ್ಕೋ ತಗುಲಿತು. ಡ್ರಮ್ ಸೆಟ್ಟಿನ ಸಿಂಬಲ್ಲು ಜಾರಿ ಜೀಪಿನ ತಗಡಿನ ಮೇಲೆ ಝಣ್ಣ್ ಅಂತ ಬಿತ್ತು. ಬಿದ್ದು ಸುಮ್ಮನಾಗಲಿಲ್ಲ, ಗಿರಗಿರ ಸುತ್ತುತ್ತಾ ಸದ್ದು ಮಾಡುತ್ತಲೇ ಇತ್ತು. ನಮ್ಮ ಬ್ಯಾಂಡಿನ ಸಾಮಾನು ತಾನೇ, ನಿಲ್ಲುವುದು ಅದಕ್ಕೂ ಗೊತ್ತಿಲ್ಲ.

ಸಲಗ ಸೊಂಡಿಲು ಎತ್ತಿತು. ಬೇಕರಿಯವ ನನ್ನ ತೋಳು ಹಿಡಿದುಕೊಂಡ. ಅವನ ಉಗುರಿನ ಗುರುತು ವಾರಗಟ್ಟಲೆ ಇತ್ತು. ಆನೆ ನಮ್ಮ ಕಡೆ ಒಂದು ಕ್ಷಣ ನೋಡಿತು, ಅಥವಾ ನೋಡಿದ ಹಾಗೆ ಅನಿಸಿತು. ಆಮೇಲೆ, ಇವರ ಸಹವಾಸ ಯಾಕೆ ಅನ್ನುವ ಹಾಗೆ ತಿರುಗಿ, ಬೇಲಿಯನ್ನು ದಾರದ ಹಾಗೆ ದಾಟಿ ತೋಟಕ್ಕೆ ಇಳಿಯಿತು. ಕಾಫಿ ಗಿಡ ಮುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಮೊದಲು ಬಾಯಿ ಬಿಟ್ಟವನು ಡ್ರಮ್ಮಿನ ಹುಡುಗ. "ನಾನು ಇಲ್ಲಿ ತನಕ ಸಿಂಬಲ್ಲನ್ನ ಸರಿಯಾದ ಜಾಗದಲ್ಲಿ ಹೊಡೆದದ್ದೇ ಇಲ್ಲ ಮಾರಾಯ. ಇವತ್ತು ನೀನು ಹೊಡೆದೆ." ಜಿಗಣೆ ಮನೆಯಲ್ಲಿ ಪ್ಯಾಂಟು ಕಳಚಿದಾಗ ಸಿಕ್ಕಿತು. ಚೆನ್ನಾಗಿ ಊಟ ಮಾಡಿ ದುಂಡಗಾಗಿತ್ತು.

ನನ್ನ ಟೇಪಿನ ಕೆಲಸ ಹೇಳಲಿಲ್ಲ. ಅಪ್ಪನ ಟೂ-ಇನ್-ಒನ್, ಆರು ದಪ್ಪ ಸೆಲ್ಲು. ಹೊಸ ಸೆಲ್ಲಿಗೆ ದುಡ್ಡಿಲ್ಲದೆ ಹಳೆಯದನ್ನೇ ಬಿಸಿಲಿಗಿಟ್ಟು ಹಾಕುತ್ತಿದ್ದೆ. ಸೆಲ್ಲು ಸೋತರೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ರೆಕಾರ್ಡ್ ಆದದ್ದನ್ನು ಆಮೇಲೆ ಮನೆಯ ಕರೆಂಟಿನಲ್ಲಿ ಹಾಕಿದರೆ ಎಲ್ಲ ದಡದಡ ಓಡುತ್ತದೆ. ಮೊದಲ ರೆಕಾರ್ಡಿಂಗಿನಲ್ಲಿ ಗಿಟಾರು ಸೊಳ್ಳೆಯ ಹಾಗೆ, ಗಿಟಾರಣ್ಣನ ಗಂಟಲು ಮಗುವಿನ ಹಾಗೆ. ಅರ್ಧ ಗಂಟೆಯ ಹಾಡು ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು. ಎಲ್ಲರೂ ಒಕ್ಕೊರಲಿನಿಂದ ಇದೇ ಚೆನ್ನಾಗಿದೆ ಅಂದರು.

ಕ್ಯಾಸೆಟ್ಟಿಗೂ ದುಡ್ಡು ಬೇಕಲ್ಲ. ಅಪ್ಪನ ಬಳಿ ಕುಮಾರವ್ಯಾಸ ಭಾರತದ ಗಮಕದ ಕ್ಯಾಸೆಟ್ಟುಗಳಿದ್ದವು. ರೇಡಿಯೋದಿಂದ ಅವರೇ ಕೂತು ಟೇಪ್ ಮಾಡಿದ್ದು. ಮೇಲೆ ಬೇರೇನೂ ರೆಕಾರ್ಡ್ ಆಗಬಾರದು ಅಂತ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನು ಪೆನ್ನಿನ ತುದಿಯಿಂದ ಮುರಿದಿದ್ದರು. ನಾನು ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟು, ಒಂದು ಕಡೆಗೆ ನಲವತ್ತೈದು. ಕರ್ಣನೋ ಶಲ್ಯನೋ ಇದ್ದ ಜಾಗದಲ್ಲಿ ಗಿಟಾರಣ್ಣ ಬಂದು ಕೂತ.

ಸಿಕ್ಕಿಬಿದ್ದೆ. ಅಪ್ಪ ಹೊಡೆಯಲಿಲ್ಲ. ಇಡೀ ಹಾಡು ಕೂತು ಕೇಳಿದರು. ಅದೇ ದೊಡ್ಡ ಶಿಕ್ಷೆ, ಇಬ್ಬರಿಗೂ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಕುಮಾರವ್ಯಾಸನೇ ಹತ್ತು ಪರ್ವಕ್ಕೆ ಸಾಕು ಅಂತ ನಿಲ್ಲಿಸಿದ. ಇವರಿಗೇನೋ ಧಾಡಿ?" ಅಂದರು.

ನನ್ನ ಅಭಿಪ್ರಾಯ ಕೇಳಿದರೆ, ಕೊಡಗಿಗೆ ಜಾಮ್ ಬ್ಯಾಂಡ್, ಅಂದರೆ ಹೀಗೆ ಹಾಡನ್ನು ಹಿಗ್ಗಿಸಿಕೊಂಡು ಬಾರಿಸುವ ಬ್ಯಾಂಡ್, ಬೇಕಾಗಿರಲಿಲ್ಲ. ಮೊದಲೇ ಇತ್ತು. ಅದು ಗೊತ್ತಾಗಿದ್ದು ಜೀಪಿನವನ ಚಿಕ್ಕಪ್ಪನ ಮಗಳ ಮದುವೆಯಲ್ಲಿ, ವಿರಾಜಪೇಟೆ ಕಡೆ. ಮುಲಾಜಿಗೆ ನಮ್ಮವರನ್ನೂ ಕರೆದಿದ್ದರು. ನಮ್ಮವರು ಬಾರಿಸಿದಾಗ ಕುಣಿದದ್ದು ಒಂದೇ ಒಂದು ಮಗು, ಅದೂ ಬಾತ್‌ರೂಮಿಗೆ ಹೋಗಬೇಕಾಗಿ. ಆಮೇಲೆ ಮೂಲೆಯಲ್ಲಿ ವಾಲಗದವರು ಶುರು ಮಾಡಿದರು. ಕೊಂಬು, ಕೊಟ್ಟು, ವಾಲಗ. ಅಲ್ಲಿ ತನಕ ಕುರ್ಚಿಯಲ್ಲಿ ಅಂಟಿಕೊಂಡಿದ್ದ ಅಜ್ಜ, ಮೈಮೇಲೆ ಕೊಡವರ ಕುಪ್ಯ ಕೋಟು, ಸೊಂಟಕ್ಕೆ ಚೇಲೆ ಪಟ್ಟಿ, ಅದರಲ್ಲಿ ಪೀಚೆಕತ್ತಿ, ಊರುಗೋಲನ್ನು ನನ್ನ ಕೈಗೆ ಕೊಟ್ಟು ಎದ್ದೇಬಿಟ್ಟರು. ಅಜ್ಜಿಯರು, ಮಿಲಿಟರಿಯಿಂದ ರಜೆಗೆ ಬಂದವರು, ಹೈಸ್ಕೂಲು ಹುಡುಗಿಯರು, ಎಲ್ಲ ಒಂದೇ ಹೆಜ್ಜೆ. ಬಾರಿಸುವವರು ಕುಣಿಯುವವರ ಕಾಲು ನೋಡುತ್ತಿದ್ದರು. ಕಾಲು ಚುರುಕಾದರೆ ಇವರೂ ಚುರುಕು.

ಡ್ರಮ್ಮಿನ ಹುಡುಗ ಕೋಲು ಬಿಸಾಕಿ ಕುಣಿಯಲು ಓಡಿದ. ಪಕ್ಷಾಂತರ. ಗಿಟಾರಣ್ಣ ಒಬ್ಬನೇ ವೇದಿಕೆಯಲ್ಲಿ ನಿಂತು, ಸ್ವಲ್ಪ ಹೊತ್ತು ಕೇಳಿ, ವಾಲಗದ ಹಿಂದೆ ಹಿಂದೆ ಮೆಲ್ಲಗೆ ತಂತಿ ಮೀಟುತ್ತಾ ಹೋದ. ಇಪ್ಪತ್ತು ನಿಮಿಷವೋ, ನಲವತ್ತೋ. ಅವನು ಅಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅವತ್ತು ಟೇಪ್ ಮಾಡಿಲ್ಲ. ನನ್ನ ಎರಡೂ ಕೈಯಲ್ಲಿ ಅಜ್ಜಂದಿರ ಊರುಗೋಲುಗಳಿದ್ದವು, ಒಟ್ಟು ಐದು.

ಯಾರೋ ಮಾವ ಬಂದು "ಪಂದಿಕರಿ ಆರ್ತಾ ಉಂಟು, ಬನ್ನಿ" ಅಂದರು. ವಾಲಗ ಅಲ್ಲಿಗೆ ಚಕ್ಕನೆ ನಿಂತಿತು. ಎಲ್ಲರೂ ಒಟ್ಟಿಗೆ, ಒಂದೇ ಏಟಿಗೆ. ಗಿಟಾರಣ್ಣನ ಬೆರಳು ಮಾತ್ರ ಮೇಲೆದ್ದಿತ್ತು. ನಾನು ಹಂದಿಮಾಂಸ ಮುಟ್ಟಲಿಲ್ಲ, ಕಡಂಬುಟ್ಟು ಅನ್ನುವ ಅಕ್ಕಿ ಕಡುಬು ಮಾತ್ರ ತಿಂದೆ ಅಂತ ಮನೆಯಲ್ಲಿ ಹೇಳಿದೆ. ಅಪ್ಪ ನಂಬಿದ ಹಾಗೆ ಮಾಡಿದರು.

2000ದ ಹೊತ್ತಿಗೆ ಕಾಫಿ ರೇಟು ಬಿತ್ತು. ಬ್ಯಾಂಡೂ ಬಿತ್ತು. ಗಿಟಾರು ಯಾರಿಗೋ ಮಾರಾಟವಾಯಿತು, ಆ ದುಡ್ಡಿನಲ್ಲಿ ತೋಟಕ್ಕೆ ಸ್ಪ್ರೇಯರ್ ಬಂತು. ಅದರ ಬಗ್ಗೆ ಹೇಳುವುದು ಇಷ್ಟೇ.

ಹೋದ ಮಳೆಗಾಲದಲ್ಲಿ ಮಡಿಕೇರಿಯ ಮನೆಯ ಅಟ್ಟ ಖಾಲಿ ಮಾಡುವಾಗ ಆ ಕ್ಯಾಸೆಟ್ಟು ಸಿಕ್ಕಿತು. ಸೆಲ್ಲೋಟೇಪ್ ಹಳದಿಯಾಗಿ ಸುರುಳಿ ಎದ್ದಿತ್ತು. ಇಲ್ಲಿನ ಮಳೆಗೆ ಬೆಲ್ಟು, ಬೂಟು, ಪುಸ್ತಕ ಯಾವುದೂ ಉಳಿಯುವುದಿಲ್ಲ, ಎಲ್ಲಕ್ಕೂ ಬೂಷ್ಟು. ಟೇಪಿನ ಸುರುಳಿಯ ಅಂಚಿಗೂ ಬಿಳಿ ಬೂಷ್ಟು ಹತ್ತಿತ್ತು, ಇಡ್ಲಿಯ ಮೇಲೆ ಕಾಯಿತುರಿ ಉದುರಿಸಿದ ಹಾಗೆ. ಐದು ಪುಟ್ಟ ಸ್ಕ್ರೂ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಅಂಚು ಒರೆಸಿದೆ. ಪೆನ್ಸಿಲ್ ತೂರಿಸಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸುತ್ತಿದೆ. ಒಂದು ಸ್ಕ್ರೂ ಕಳೆದುಹೋಯಿತು. ನಾಲ್ಕರಲ್ಲೇ ಮುಚ್ಚಿ ಹಳೆಯ ಟೂ-ಇನ್-ಒನ್‌ಗೆ ಹಾಕಿದೆ.

ಮಳೆ. ಒಳಗೂ ಹೊರಗೂ. ಆಮೇಲೆ ಗಿಟಾರು, ಸೊಳ್ಳೆಯ ಹಾಗೆ. ಯಾರೋ ಪಫ್ ಕಚ್ಚುವ ಸದ್ದು ಗಿಟಾರಿಗಿಂತ ಹತ್ತಿರ. ಆರಾಮಕುರ್ಚಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಈಗ ಅವರಿಗೆ ಎಂಬತ್ತನಾಲ್ಕು, ಕಿವಿ ಅಷ್ಟಕ್ಕಷ್ಟೇ. ಹಾಡು ಸುತ್ತಿತು, ಇನ್ನೊಂದು ಸುತ್ತು ಸುತ್ತಿತು, ಮೂವತ್ತು ನಿಮಿಷ ದಾಟಿತು. ಹಾಗೇ ಒಂದು ಕಡೆ 'ಟಕ್' ಅಂದಿತು. ಅಲ್ಲಿ ನನ್ನ ಸೆಲ್ಲು ಪೂರ್ತಿ ಸತ್ತಿರಬೇಕು. ಮರುಕ್ಷಣ, ಒಂದು ಪದ್ಯದ ನಟ್ಟನಡುವಿನಿಂದ ಗಮಕದ ದನಿ ಎದ್ದಿತು. ನಾನು ಅಳಿಸಿ ಉಳಿದ ಕುಮಾರವ್ಯಾಸ.

ಅಪ್ಪ ಕಣ್ಣು ಬಿಡಲಿಲ್ಲ. ಎರಡನೇ ಸಾಲಿಗೆ ದನಿ ಸೇರಿಸಿದರು. ಮೊದಲು ಮೆಲ್ಲಗೆ, ಆಮೇಲೆ ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ಹಾಗೆ. ನಾಲ್ಕು ಪದ್ಯ ಆಗುವಷ್ಟರಲ್ಲಿ ಟೇಪು ರೋಲರಿಗೆ ಸಿಕ್ಕಿ ಗುರ್ ಅಂತ ನಿಂತುಹೋಯಿತು. ಅಪ್ಪ ನಿಲ್ಲಿಸಲಿಲ್ಲ.

ಒಳಗಿನಿಂದ ಅಮ್ಮ ಕೂಗಿದರು. "ಇನ್ನೂ ಎಷ್ಟು ಹೊತ್ತು? ಸಾರು ಆರಿಹೋಗ್ತಿದೆ."

ಅಪ್ಪ ಕಣ್ಣು ಮುಚ್ಚಿಕೊಂಡೇ ಬಲಗೈಯ ಒಂದು ಬೆರಳು ಎತ್ತಿದರು.